ಹಿಂಬರಹ ಬರೆಯುವುದು ಹೇಗೆ? ಅರ್ಜಿ ಕೈಗೆ ಬಂದಲ್ಲಿಂದ ಉತ್ತರ ತಲುಪುವವರೆಗೆ

ಪಂಚಾಯಿತಿ, ಪುರಸಭೆಗಳ ಹೊಸ ನೌಕರರಿಗೆ ಕಡತದ ಕೆಲಸ ಹೇಳಿಕೊಡುವಾಗ ಅವರವರ ಕಚೇರಿಯಿಂದ ಹೋದ ಒಂದು ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಟ್ಟ ಲಿಖಿತ ಉತ್ತರ, ತರಲು ಹೇಳುತ್ತೇನೆ. ಅದನ್ನು ಪಕ್ಕದಲ್ಲಿ ಕೂತವರಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ: "ಅರ್ಜಿ ಹಾಕಿದವರು ನೀವೇ ಅಂದುಕೊಳ್ಳಿ. ಇದನ್ನು ಓದಿದ ಮೇಲೆ ನಾಳೆ ಬೆಳಗ್ಗೆ ಎಲ್ಲಿಗೆ ಹೋಗ್ತೀರಿ? ಕೈಯಲ್ಲಿ ಏನು ಹಿಡ್ಕೊಂಡು ಹೋಗ್ತೀರಿ?" ಬಹಳ ಸಲ ಉತ್ತರ ಬರುವುದಿಲ್ಲ. ತಂದವರೇ ಕಾಗದ ವಾಪಸ್ ತೆಗೆದುಕೊಂಡು ಇನ್ನೊಮ್ಮೆ ಓದತೊಡಗುತ್ತಾರೆ.

ಕನ್ನಡ ಬರುವುದಿಲ್ಲ ಅಂತ ಹೀಗಾಗುವುದಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಅರ್ಜಿ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಹಳೆಯ ಹಿಂಬರಹದ ಫೈಲು ತೆಗೆದು, ಹೆಸರು ಮತ್ತು ದಿನಾಂಕ ಬದಲಾಯಿಸಿ, ಪ್ರಿಂಟ್ ತೆಗೆದು ಸಹಿಗೆ ಇಡುತ್ತೇವೆ. ಬರೆಯುವುದು ಆರನೇ ಹಂತದ ಕೆಲಸ. ಅದನ್ನು ಮೊದಲನೇ ಹಂತದಲ್ಲೇ ಮಾಡಿದರೆ ಹಿಂದಿನ ಐದೂ ಹಂತಗಳ ತಪ್ಪು ಆ ಕಾಗದದಲ್ಲಿ ಬಂದು ಕೂರುತ್ತದೆ.

ಕಾರ್ಯದರ್ಶಿ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಹೊಸದಾಗಿ ಬಂದ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಯಾರೇ ಆಗಿರಿ, ಹಂತಗಳು ಇವೇ. ಪುರಸಭೆಯಲ್ಲಿ ಕಾಯ್ದೆ ಬೇರೆ, ಕೆಲಸದ ಕ್ರಮ ಬೇರೆಯಲ್ಲ.

ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದ್ದು

ಆವಕ ವಹಿ (ಬಂದ ಕಾಗದ ದಾಖಲಿಸುವುದು), ಜಾವಕ ವಹಿ (ಹೋದ ಕಾಗದ ದಾಖಲಿಸುವುದು), ದಿನಾಂಕದ ಮೊಹರು. ಇ-ಆಫೀಸ್ ಇದ್ದರೂ ಕೌಂಟರಿಗೆ ಬರುವ ಕಾಗದಕ್ಕೆ ಮೊಹರು ಬೇಕೇ ಬೇಕು.

ನಿಮ್ಮ ಕಚೇರಿಯಲ್ಲಿ ಸಿಗುವ ಸಕಾಲ ಸೇವೆಗಳ (ಇಂತಿಷ್ಟು ದಿನದೊಳಗೆ ಕೊಡಲೇಬೇಕೆಂದು ಕಾಯ್ದೆ ಹೇಳುವ ಸೇವೆಗಳ) ಪಟ್ಟಿ, ಒಂದೊಂದಕ್ಕೂ ಎಷ್ಟು ಕೆಲಸದ ದಿನ ಅನ್ನುವುದರ ಜೊತೆ. ಇದು ಜನರಿಗೆ ಕಾಣುವ ಗೋಡೆಯ ಮೇಲಷ್ಟೇ ಇದ್ದರೆ ಸಾಲದು, ನಿಮ್ಮ ಗಾಜಿನ ಕೆಳಗೂ ಇರಲಿ.

ಕಾಯ್ದೆಯ ಪುಸ್ತಕ. ಗ್ರಾಮ ಪಂಚಾಯಿತಿಗೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, ಪುರಸಭೆಗೆ 1964ರ ಪೌರಸಭೆಗಳ ಅಧಿನಿಯಮ. ತಿದ್ದುಪಡಿ ಸೇರಿದ ಪ್ರತಿಯೇ ಆಗಬೇಕು. ಬೀರುವಿನಲ್ಲಿರುವ ಹಳೇ ಪುಸ್ತಕ ನಂಬಿ ಕಲಂ ಉಲ್ಲೇಖಿಸಿ ಮುಖಭಂಗ ಆದವರನ್ನು ನೋಡಿದ್ದೇನೆ.

ಯೂನಿಕೋಡ್ ಕೀಲಿಮಣೆ. ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ನಲ್ಲಿ ಕಳಿಸಿದರೆ ಆ ಕಡೆ ಕಾಣುವುದು ಬರೀ ಚಿಹ್ನೆಗಳು.

ಒಂದು ಪೆನ್ಸಿಲ್. ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಅರ್ಜಿ ತೆಗೆದುಕೊಳ್ಳುವುದು

ಅರ್ಜಿ ಕೈಗೆ ಬಂದ ತಕ್ಷಣ ಮೊಹರು, ಆವಕ ಸಂಖ್ಯೆ, ಸ್ವೀಕೃತಿ. ಈ ಮೂರರ ಮಧ್ಯೆ ಬೇರೇನೂ ಬರಬಾರದು. "ಸಾಹೇಬ್ರು ಬರ್ಲಿ, ಆಮೇಲೆ ನಂಬರ್ ಹಾಕೋಣ" ಅನ್ನುವುದೇ ಮುಂದಿನ ಎಲ್ಲ ಜಗಳದ ಬೇರು. ಅರ್ಜಿ ತಪ್ಪಾಗಿದ್ದರೂ, ನಮ್ಮ ಕಚೇರಿಗೆ ಸೇರದಿದ್ದರೂ ಸ್ವೀಕೃತಿ ಕೊಡಬೇಕು. ತಪ್ಪು ಏನೆಂದು ಹೇಳುವುದು ಆಮೇಲಿನ ಕೆಲಸ.

ತೆಗೆದುಕೊಳ್ಳುವಾಗಲೇ ಅರ್ಜಿ ಯಾವ ಗುಂಪಿಗೆ ಸೇರುತ್ತದೆ ನೋಡಿ. ಗಡುವು ಅದರ ಮೇಲೆ ನಿಂತಿದೆ.

ಸಕಾಲ ಸೇವೆಯಾದರೆ ಅದಕ್ಕೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಅಂದರೆ ಸಕಾಲದ ಸ್ವೀಕೃತಿ ಸಂಖ್ಯೆ, ಬೀಳಬೇಕು. ಬಿಳಿ ಹಾಳೆ ಅರ್ಜಿ ಇಸ್ಕೊಂಡು ಸುಮ್ನೆ ಆವಕದಲ್ಲಿ ಹಾಕಿದರೆ ಅರ್ಜಿದಾರರಿಗೆ ಸಕಾಲದ ರಕ್ಷಣೆ ತಪ್ಪಿಸಿದ ಹಾಗಾಯಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನು ಅರ್ಜಿದಾರರು ಕೇಳಬಹುದು. ಮೊತ್ತ ಸಣ್ಣದು ನಿಜ. ಆದರೆ ಅದು ತಡ ಮಾಡಿದವರ ತಲೆ ಮೇಲೆ ಬರುತ್ತದೆ.

ಮಾಹಿತಿ ಹಕ್ಕು ಅರ್ಜಿಯಾದರೆ 2005ರ ಕಾಯ್ದೆಯ ಪ್ರಕಾರ 30 ದಿನ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ತಡವಾದರೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ ಬೀಳಬಹುದು. ಈ ಅರ್ಜಿಗಳಿಗೆ ಬೇರೆ ಬಣ್ಣದ ಫೈಲು ಇಡಿ.

ಉಳಿದದ್ದು ಸಾಮಾನ್ಯ ಮನವಿ, ದೂರು. ಇವುಗಳಿಗೆ ಗಡುವಿಲ್ಲ ಅಂತ ಅಡಿಯಲ್ಲಿ ಹಾಕುವುದು ರೂಢಿ. ಆವಕ ವಹಿಯಲ್ಲಿ ಷರಾ ಕಾಲಂ ಖಾಲಿ ಇರುತ್ತಲ್ವಾ? ಅಲ್ಲಿ ನೀವೇ ಒಂದು ದಿನಾಂಕ ಬರೆಯಿರಿ. ಪ್ರತಿ ಸೋಮವಾರ ಆ ಕಾಲಂ ಮೇಲೆ ಕಣ್ಣಾಡಿಸಿ.

ಹಂತ 2: ಅರ್ಜಿ ಓದುವುದು

ಓದುವುದನ್ನೂ ಒಂದು ಹಂತ ಅಂತ ಬರೆಯಬೇಕಾ ಅಂತ ಅನ್ನಿಸಬಹುದು. ನಿಜ ಹೇಳಬೇಕೆಂದರೆ ನಾವು ಓದುವುದು ವಿಷಯದ ಸಾಲು ಮಾತ್ರ. ಅದನ್ನೂ ಬಹಳ ಸಲ ಬರೆದಿರುವುದು ಅರ್ಜಿದಾರರಲ್ಲ, ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ.

ಪೆನ್ಸಿಲ್ ಹಿಡಿದು ಪೂರ್ತಿ ಓದಿ. ಎಲ್ಲೆಲ್ಲಿ ಏನಾದರೂ ಕೇಳಿದ್ದಾರೋ ಅಲ್ಲಿ ಪಕ್ಕದಲ್ಲಿ 1, 2, 3 ಅಂತ ಗುರುತು ಹಾಕಿ. ಒಂದೇ ಅರ್ಜಿಯಲ್ಲಿ ಚರಂಡಿ, ಬೀದಿ ದೀಪ, ಪಕ್ಕದ ಮನೆಯವರ ಮೆಟ್ಟಿಲು ಮೂರೂ ಇರುತ್ತವೆ. ವಿಷಯದಲ್ಲಿ "ಚರಂಡಿ ಬಗ್ಗೆ" ಅಂತ ಇರುತ್ತದೆ. ನೀವು ಚರಂಡಿಗಷ್ಟೇ ಉತ್ತರ ಕೊಡುತ್ತೀರಿ. ಆ ಮನುಷ್ಯನಿಗೆ ಉರಿಯುತ್ತಿರುವುದು ಮೆಟ್ಟಿಲಿನ ವಿಷಯ. ತಿಂಗಳು ಬಿಟ್ಟು ಅದೇ ಅರ್ಜಿ ತಾಲ್ಲೂಕು ಪಂಚಾಯಿತಿಯಿಂದ "ಸೂಕ್ತ ಕ್ರಮಕ್ಕಾಗಿ" ಅಂತ ಷರಾ ಹೊತ್ತು ಇಳಿದು ಬರುತ್ತದೆ.

ಓದಿದ ಮೇಲೆ ಅರ್ಜಿಯ ಹಿಂಬದಿಯಲ್ಲಿ ಒಂದೇ ಸಾಲು ಬರೆಯಿರಿ: "ಇವರಿಗೆ ಬೇಕಾಗಿರುವುದು..." ಆ ಸಾಲು ಬರೆಯಲು ಆಗದಿದ್ದರೆ ಅರ್ಜಿ ಅರ್ಥವಾಗಿಲ್ಲ. ಫೋನ್ ಮಾಡಿ ಕೇಳಿ. ಕೇಳಿದ್ದನ್ನು ದಿನಾಂಕ ಹಾಕಿ ಅಲ್ಲೇ ಬರೆದಿಡಿ.

ಹಂತ 3: ಇದು ನಮ್ಮದಾ ಅಂತ ನೋಡುವುದು

ಬೀದಿ ದೀಪದ ಬಲ್ಬು ಹೋದರೆ ಪಂಚಾಯಿತಿ. ಕಂಬದ ಮೇಲಿನ ತಂತಿ ಜೋತು ಬಿದ್ದರೆ ವಿದ್ಯುತ್ ಕಂಪನಿ. ಊರೊಳಗಿನ ರಸ್ತೆ ಪಂಚಾಯಿತಿಯದ್ದಿರಬಹುದು, ಊರಿಗೆ ಬರುವ ರಸ್ತೆ ಜಿಲ್ಲಾ ಪಂಚಾಯಿತಿಯದ್ದೋ ಲೋಕೋಪಯೋಗಿಯದ್ದೋ ಆಗಿರಬಹುದು. ಜನರಿಗೆ ಈ ಗಡಿ ಗೊತ್ತಿರಬೇಕಿಲ್ಲ, ನಮಗೆ ಗೊತ್ತಿರಬೇಕು.

ನಮ್ಮದಲ್ಲದಿದ್ದರೆ "ಈ ಕಚೇರಿ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಸಂಬಂಧಪಟ್ಟ ಕಚೇರಿಗೆ ಕಳಿಸಿ, ಕಳಿಸಿದ ಪತ್ರದ ಜಾವಕ ಸಂಖ್ಯೆ ಮತ್ತು ದಿನಾಂಕ ಅರ್ಜಿದಾರರಿಗೆ ತಿಳಿಸಿ. ಮಾಹಿತಿ ಹಕ್ಕಿನಲ್ಲಂತೂ ಇದು ಕಾಯ್ದೆಯ ಮಾತು. 6(3)ನೇ ಪ್ರಕರಣದ (ಕಲಮಿನ) ಪ್ರಕಾರ 5 ದಿನದೊಳಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. 29ನೇ ದಿನ "ನಮ್ಮದಲ್ಲ" ಅಂತ ಬರೆಯುವವರು ಇದನ್ನು ಮರೆತಿರುತ್ತಾರೆ.

ಹಂತ 4: ದಾಖಲೆ ಮೊದಲು, ಸ್ಥಳ ಆಮೇಲೆ

ಸ್ಥಳಕ್ಕೆ ಓಡುವ ಮೊದಲು ರಿಜಿಸ್ಟರ್ ತೆಗೆಯಿರಿ. ತೆರಿಗೆ ಬೇಡಿಕೆ ವಹಿಯಲ್ಲಿ ಏನಿದೆ, ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತು ತಂತ್ರಾಂಶದಲ್ಲಿ ಏನಿದೆ, ಹಿಂದೆ ಇದೇ ಆಸ್ತಿಯ ಬಗ್ಗೆ ತಕರಾರು ಬಂದಿತ್ತಾ, ಸಭೆಯ ನಡವಳಿಯಲ್ಲಿ ಏನಾದರೂ ತೀರ್ಮಾನ ಆಗಿದೆಯಾ. ಕಾಗದ ನೋಡದೆ ಹೋದರೆ ಅಲ್ಲಿ ಯಾರು ಜಾಸ್ತಿ ಜೋರಾಗಿ ಮಾತಾಡುತ್ತಾರೋ ಅವರ ಮಾತೇ ವರದಿಯಾಗುತ್ತದೆ.

ಸ್ಥಳದಲ್ಲಿ ಮಹಜರು (ಸಾಕ್ಷಿಗಳ ಮುಂದೆ ಬರೆಯುವ ಸ್ಥಳ ವರದಿ) ಮಾಡುವಾಗ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ನಿಂತು ನೋಡಿ ಬರೆಯಿರಿ. ಟೇಪು ಹಿಡಿದು ಅಳೆಯಿರಿ. ಸಹಿ ಹಾಕಿದವರ ಹೆಸರನ್ನು ಸಹಿಯ ಕೆಳಗೆ ಓದುವಂತೆ ಬರೆಸಿ. ಫೋಟೋ ತೆಗೆದರೆ ಗುರುತು ಸಿಗುವ ಏನಾದರೂ ಚೌಕಟ್ಟಿನಲ್ಲಿರಲಿ, ದೇವಸ್ಥಾನದ ಗೋಪುರವೋ ಕಂಬದ ಸಂಖ್ಯೆಯೋ. ಬರೀ ಚರಂಡಿಯ ಫೋಟೋ ಯಾವ ಊರಿನ ಚರಂಡಿಯಾದರೂ ಆಗಬಹುದು.

ಕಚೇರಿಯಲ್ಲೇ ಕೂತು ಮಹಜರು ಬರೆದು ನೀರುಗಂಟಿಯ ಹತ್ತಿರ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಅದರ ಬಗ್ಗೆ ಹೇಳುವುದು ಇಷ್ಟೇ: ಬೇಡ.

ಹಂತ 5: ಟಿಪ್ಪಣಿ

ಟಿಪ್ಪಣಿ ಕಚೇರಿಯೊಳಗಿನ ಕಾಗದ. ಹಿಂಬರಹ ಹೊರಗೆ ಹೋಗುವ ಕಾಗದ. ಎರಡರ ಭಾಷೆಯೂ ಒಂದೇ ಆಗಿಬಿಟ್ಟಿರುವುದು ನಮ್ಮ ದೊಡ್ಡ ತೊಂದರೆ.

ಟಿಪ್ಪಣಿಯಲ್ಲಿ ಪ್ಯಾರಾಗಳಿಗೆ ಸಂಖ್ಯೆ ಕೊಡಿ. ಮೊದಲು ಅರ್ಜಿದಾರರು ಏನು ಕೇಳಿದ್ದಾರೆ. ಆಮೇಲೆ ದಾಖಲೆಯಲ್ಲಿ, ಸ್ಥಳದಲ್ಲಿ ಏನು ಕಂಡುಬಂತು. ಮೂರನೆಯದು ಯಾವ ನಿಯಮ ಅಥವಾ ಸುತ್ತೋಲೆ ಅನ್ವಯಿಸುತ್ತದೆ. ಕೊನೆಗೆ ನಿಮ್ಮ ಸಲಹೆ ಏನು, ಯಾರ ಆದೇಶ ಬೇಕು. ಕಂಡದ್ದನ್ನೂ ಅನ್ನಿಸಿದ್ದನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ. "ಅರ್ಜಿದಾರರು ಪದೇ ಪದೇ ಕಿರುಕುಳ ನೀಡುವ ಉದ್ದೇಶದಿಂದ" ಅಂತ ಬರೆಯುವ ಮುನ್ನ ನೆನಪಿರಲಿ, ಮಾಹಿತಿ ಹಕ್ಕಿನಲ್ಲಿ ಟಿಪ್ಪಣಿ ಹಾಳೆಯನ್ನೂ ಕೇಳಬಹುದು. ನಾಳೆ ಅದೇ ಮನುಷ್ಯ ಆ ಹಾಳೆ ಹಿಡಿದು ನಿಮ್ಮೆದುರು ನಿಂತಿರುತ್ತಾನೆ.

ಇನ್ನೊಂದು ತಪ್ಪು: "ಮುಂದಿನ ಆದೇಶಕ್ಕಾಗಿ ಮಂಡಿಸಿದೆ" ಎಂದು ಬರೆದು ಯಾವ ಸಲಹೆಯೂ ಇಲ್ಲದೆ ಕಡತ ಮೇಲೆ ಕಳಿಸುವುದು. ಮೇಲಿನವರು "ನಿಯಮಾನುಸಾರ ಕ್ರಮವಹಿಸಿ" ಎಂದು ಕೆಳಗೆ ಕಳಿಸುತ್ತಾರೆ. ಕಡತ ಒಂದು ಸುತ್ತು ಹೊಡೆದಿರುತ್ತದೆ, ಕೆಲಸ ಒಂದಿಂಚೂ ಸರಿದಿರುವುದಿಲ್ಲ.

ಹಂತ 6: ಈಗ ಹಿಂಬರಹ

ಮೊದಲು ಕೆಟ್ಟದ್ದನ್ನು ನೋಡೋಣ. ಗಂಡ ತೀರಿಕೊಂಡ ಒಬ್ಬ ತಾಯಿ ಮನೆಯ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದಾರೆ ಅಂದುಕೊಳ್ಳಿ. ಅವರಿಗೆ ಹೋಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಸಲ್ಲಿಸಿರುವ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಅರ್ಜಿಯೊಂದಿಗೆ ಅಗತ್ಯ ದಾಖಲಾತಿಗಳನ್ನು ಲಗತ್ತಿಸದೇ ಇರುವುದರಿಂದ ನಿಯಮಾನುಸಾರ ಕ್ರಮ ಕೈಗೊಳ್ಳಲು ಅವಕಾಶವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಒಂದೇ ವಾಕ್ಯ. ವ್ಯಾಕರಣ ತಪ್ಪಿಲ್ಲ. ಆದರೆ ಯಾವ ದಾಖಲೆ ಇಲ್ಲ? ಎಲ್ಲಿ ಸಿಗುತ್ತದೆ? ತಂದುಕೊಟ್ಟರೆ ಆಗುತ್ತದಾ? ಯಾವ ನಿಯಮ? ಒಂದಕ್ಕೂ ಉತ್ತರವಿಲ್ಲ. ಆ ತಾಯಿ ಮರುದಿನ ಈ ಕಾಗದ ಹಿಡಿದು ಬಂದು, "ಸ್ವಾಮೀ, ಇದ್ರಲ್ಲಿ ಏನ್ ಬರ್ದೈತೆ?" ಅಂತ ಕೇಳುತ್ತಾರೆ. ನೀವು, "ವಂಶವೃಕ್ಷ ಇಲ್ಲ ಕಣಮ್ಮಾ, ನಾಡಕಚೇರಿಗೆ ಹೋಗಿ ಮಾಡಿಸ್ಕೊಂಡ್ ಬಾ" ಅನ್ನುತ್ತೀರಿ. ಬಾಯಲ್ಲಿ ಏಳು ಪದದಲ್ಲಿ ಹೇಳಿದ್ದು ಕಾಗದದ ಮೇಲೆ ಯಾಕೆ ಬರಲಿಲ್ಲ? ಅದಕ್ಕೇ ಬಸ್ ಚಾರ್ಜು ಕೊಟ್ಟು ಇನ್ನೊಮ್ಮೆ ಬರಬೇಕಾಯಿತಲ್ವಾ?

ಅದನ್ನೇ ಹೀಗೆ ಬರೆಯಬಹುದು:

ವಿಷಯ: ಮನೆ ಸಂಖ್ಯೆ 47ರ ಖಾತೆ ಬದಲಾವಣೆ ಕುರಿತು.
ಉಲ್ಲೇಖ: ತಮ್ಮ ಅರ್ಜಿ, ಆವಕ ಸಂಖ್ಯೆ ಮತ್ತು ದಿನಾಂಕ.

ದಿವಂಗತ ಪತಿಯವರ ಹೆಸರಿನಲ್ಲಿರುವ ಮನೆ ಸಂಖ್ಯೆ 47ರ ಖಾತೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಕೋರಿದ್ದೀರಿ.

ಅರ್ಜಿಯ ಜೊತೆ ಮರಣ ಪ್ರಮಾಣ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಇವೆ. ವಂಶವೃಕ್ಷ ಇಲ್ಲ. ಪತಿಯವರ ವಾರಸುದಾರರು ಯಾರು ಯಾರು ಎಂದು ತಿಳಿಯಲು ಅದು ಬೇಕು. ಆದ್ದರಿಂದ ಈಗ ಖಾತೆ ಬದಲಾಯಿಸಲು ಆಗಿಲ್ಲ.

ತಾವು ಮಾಡಬೇಕಾದದ್ದು:
1. ನಾಡಕಚೇರಿಯಲ್ಲಿ ಅರ್ಜಿ ಹಾಕಿ ವಂಶವೃಕ್ಷ ಪಡೆಯಿರಿ.
2. ಅದನ್ನು ಮತ್ತು ಈ ಹಿಂಬರಹವನ್ನು ಈ ಕಚೇರಿಯ ಖಾತೆ ವಿಭಾಗಕ್ಕೆ ತನ್ನಿ.
3. ಹೊಸದಾಗಿ ಅರ್ಜಿ ಹಾಕಬೇಕಿಲ್ಲ. ಇದೇ ಆವಕ ಸಂಖ್ಯೆಯಲ್ಲಿ ಮುಂದುವರಿಸುತ್ತೇವೆ.

ಇದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಸಲ್ಲಿಸಬೇಕಾದ ಅಧಿಕಾರಿ: (ಹುದ್ದೆ, ಕಚೇರಿಯ ವಿಳಾಸ, ಎಷ್ಟು ದಿನದೊಳಗೆ).

ಇಷ್ಟೇ. ಮೂರನೇ ಸಾಲಿನ ಬಗ್ಗೆ ಒಂದು ಎಚ್ಚರಿಕೆ: ಸಕಾಲದಲ್ಲಿ ಸಂಖ್ಯೆ ಬಿದ್ದಿರುವ ಅರ್ಜಿಯಾದರೆ ಅದನ್ನು ಬರೆಯುವ ಮೊದಲು ಪಿಡಿಓ ಅವರನ್ನು ಕೇಳಿ. ತಂತ್ರಾಂಶದಲ್ಲಿ ತಿರಸ್ಕಾರ ಆಗಿಹೋದ ಅರ್ಜಿಗೆ "ಮುಂದುವರಿಸುತ್ತೇವೆ" ಅಂದರೆ ಸುಳ್ಳು ಹೇಳಿದ ಹಾಗೆ.

ಈಗ ಒಳಗಿನ ವಿಷಯಗಳು.

*ಕಾರಣ ಈ ಕಾಗದದಲ್ಲೇ ಇರಬೇಕು.* ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮಂಥವರಿಗೇ ಹೇಳಿದ ಹಾಗಿದೆ. ಆದೇಶ ಸರಿಯೋ ತಪ್ಪೋ ಅನ್ನುವುದನ್ನು ಅದರಲ್ಲಿ ಬರೆದಿರುವ ಕಾರಣದಿಂದಲೇ ತೀರ್ಮಾನಿಸಬೇಕು. ಆಮೇಲೆ ಕೋರ್ಟಿಗೆ ಪ್ರಮಾಣಪತ್ರ (ಅಫಿಡವಿಟ್) ಹಾಕಿ ಹೊಸ ಕಾರಣ ಸೇರಿಸಲು ಆಗುವುದಿಲ್ಲ. ನಿಮ್ಮ ಕಡತದಲ್ಲಿ ನೂರು ಒಳ್ಳೆ ಕಾರಣ ಇರಬಹುದು. ಹಿಂಬರಹದಲ್ಲಿ "ಅವಕಾಶವಿರುವುದಿಲ್ಲ" ಅಂತಷ್ಟೇ ಇದ್ದರೆ ಮೇಲ್ಮನವಿಯಲ್ಲಿ ಕೈ ಹಿಡಿಯುವುದು ಏನೂ ಇರುವುದಿಲ್ಲ.

*ಮೇಲ್ಮನವಿಯ ಸಾಲು ಬಿಡಬೇಡಿ.* "ಅದನ್ನ ಬರೆದ್ರೆ ನಾವೇ ದಾರಿ ತೋರಿಸಿದ ಹಾಗಾಗಲ್ವಾ ಸಾರ್?" ಅಂತ ತರಬೇತಿಯಲ್ಲಿ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಹೌದು, ತೋರಿಸಬೇಕು. ಮಾಹಿತಿ ಹಕ್ಕು ಅರ್ಜಿ ನಿರಾಕರಿಸುವಾಗ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಅಧಿಕಾರಿಯ ವಿವರ ಮೂರನ್ನೂ ತಿಳಿಸಬೇಕೆಂದು 7(8)ನೇ ಪ್ರಕರಣವೇ ಹೇಳುತ್ತದೆ. ಪಂಚಾಯತ್ ರಾಜ್ ಅಧಿನಿಯಮದ 269ನೇ ಪ್ರಕರಣ ಇರುವುದೂ ಮೇಲ್ಮನವಿಯ ಬಗ್ಗೆಯೇ. ಸಕಾಲದಲ್ಲೂ ಮೇಲ್ಮನವಿ ಇದೆ. ದಾರಿ ಮುಚ್ಚಿಟ್ಟರೆ ಜನ ಸುಮ್ಮನಾಗುವುದಿಲ್ಲ, ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡುತ್ತಾರೆ.

*ಮನೆಯೊಳಗಿನ ಜಗಳಕ್ಕೆ ತೀರ್ಪು ಬರೆಯಬೇಡಿ.* ಖಾತೆ ವಿಷಯದಲ್ಲಿ ಮಗಳೋ ಮೈದುನನೋ ತಕರಾರು ಹಾಕಿದ್ದರೆ, ತಕರಾರು ಬಂದಿದೆ ಎಂಬುದನ್ನು, ಅದರ ದಿನಾಂಕವನ್ನು ಬರೆಯಿರಿ. ಯಾರಿಗೆ ಎಷ್ಟು ಹಕ್ಕು ಅನ್ನುವುದು ಸಿವಿಲ್ ನ್ಯಾಯಾಲಯದ ಕೆಲಸ. "ಸದರಿ ಸ್ವತ್ತು ಅರ್ಜಿದಾರರಿಗೆ ಸೇರಿರುವುದಿಲ್ಲ" ಎಂದು ಪಂಚಾಯಿತಿ ಹಿಂಬರಹದಲ್ಲಿ ಬರೆದುಬಿಟ್ಟರೆ, ಇನ್ನೊಬ್ಬರು ಅದನ್ನು ಕೋರ್ಟಿನಲ್ಲಿ ದಾಖಲೆಯಾಗಿ ಹಾಜರುಪಡಿಸುತ್ತಾರೆ. ಸಾಕ್ಷಿಗೆ ನೀವು ಓಡಾಡಬೇಕು.

*ಕರ್ತೃ ಯಾರು ಅಂತ ಹೇಳಿ.* "ಕ್ರಮ ವಹಿಸಲಾಗುವುದು" ಅಂದರೆ ಯಾರು, ಯಾವಾಗ? "ನೀರು ಸರಬರಾಜು ಸಿಬ್ಬಂದಿ ಇದೇ 18ರೊಳಗೆ ವಾಲ್ವ್ ಬದಲಾಯಿಸುತ್ತಾರೆ" ಎಂದು ಬರೆದರೆ ಬರೆಯುವಾಗ ಭಯ ಆಗುತ್ತದೆ. ಆ ಭಯ ಒಳ್ಳೆಯದೇ. ದಿನಾಂಕ ಹಾಕುವ ಮೊದಲು ನೀರುಗಂಟಿಗೊಂದು ಫೋನ್ ಮಾಡುತ್ತೀರಿ.

*ಸದರಿ, ಮೇಲ್ಕಂಡ, ತತ್ಸಂಬಂಧ.* ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ, ಅಭ್ಯಾಸ ಬಿಡುವುದು ಕಷ್ಟ. ಆದರೆ "ಸದರಿ" ಬಂದ ಕಡೆ ಆ ವಸ್ತುವಿನ ಹೆಸರನ್ನೇ ಬರೆದು ನೋಡಿ: ಸದರಿ ಸ್ವತ್ತು ಅಲ್ಲ, ಮನೆ ಸಂಖ್ಯೆ 47. ಮೂರು ಸ್ವತ್ತು ಇರುವ ಕಡತದಲ್ಲಿ ಯಾವ "ಸದರಿ" ಯಾವುದು ಅಂತ ಎರಡು ವರ್ಷ ಬಿಟ್ಟು ಬಂದ ಹೊಸ ಪಿಡಿಓಗೆ ಹೇಗೆ ಗೊತ್ತಾಗಬೇಕು?

*ಅಂಕಿ.* ಒಂದು ಕಾಗದದಲ್ಲಿ ಒಂದೇ ಬಗೆಯ ಅಂಕಿ ಬಳಸಿ. ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಸರ್ವೆ ಸಂಖ್ಯೆ, ಮನೆ ಸಂಖ್ಯೆ, ಹಣದ ಮೊತ್ತ ಕೈಯಲ್ಲಿ ಬರೆಯುವಾಗ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ.

ಹಂತ 7: ಸಹಿಗೆ ಇಡುವ ಮೊದಲು

ಇಲ್ಲಿ ನನ್ನ ಒಂದು ತಪ್ಪು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತು. ಹಳೆಯ ಫೈಲಿನ ಮೇಲೆ ಹೊಸ ಹೆಸರು ಹಾಕಿ ಹಿಂಬರಹ ತಯಾರು ಮಾಡುವುದರಲ್ಲಿ ನಾನು ಕಚೇರಿಗೇ ಫಾಸ್ಟ್ ಅಂತ ಹೆಸರು ಮಾಡಿದ್ದೆ. ಒಂದು ವಾರಸಾ ಖಾತೆ ಅರ್ಜಿಯಲ್ಲಿ, ರಿಜಿಸ್ಟರಿನಲ್ಲಿದ್ದ ಖಾತೆದಾರರ ಹೆಸರನ್ನೇ ನೋಡಿ "ಇವರಿಗೆ" ಅನ್ನುವ ಕಡೆ ಟೈಪ್ ಮಾಡಿಬಿಟ್ಟೆ. ಅಂದರೆ ತೀರಿಕೊಂಡವರಿಗೇ ಪತ್ರ. ಕೊನೆಯಲ್ಲಿ "ತಾವು ಖುದ್ದಾಗಿ ಹಾಜರಾಗತಕ್ಕದ್ದು" ಅಂತ ಬೇರೆ ಇತ್ತು. ಸಹಿಯೂ ಆಯಿತು, ಜಾವಕ ಸಂಖ್ಯೆಯೂ ಬಿತ್ತು, ಅಂಚೆಯವರು ಮನೆಗೆ ಕೊಟ್ಟೂ ಬಂದರು. ನಾಲ್ಕು ದಿನ ಬಿಟ್ಟು ಅವರ ಮಗ ಬಂದ. ಕೂಗಾಡಲಿಲ್ಲ. ಕಾಗದ ಮೇಜಿನ ಮೇಲಿಟ್ಟು, "ಅಪ್ಪನ್ನ ಎಲ್ಲಿಂದ ಕರ್ಕೊಂಡ್ ಬರ್ಲಿ ಸಾರ್?" ಅಂದ. ಕೂಗಾಡಿದ್ದರೇ ವಾಸಿಯಿತ್ತು.

ಅಂದಿನಿಂದ ಎರಡು ಕೆಲಸ ಮಾಡುತ್ತೇನೆ. ಹಳೆಯ ಹಿಂಬರಹದ ಮೇಲೆ ಟೈಪ್ ಮಾಡುವುದಿಲ್ಲ. ಹೆಸರು, ಸಂಖ್ಯೆ, ದಿನಾಂಕದ ಜಾಗಗಳೆಲ್ಲ ಖಾಲಿ ಇರುವ ನಮೂನೆ ಇಟ್ಟುಕೊಂಡಿದ್ದೇನೆ. ಖಾಲಿ ಜಾಗ ಉಳಿದರೆ ಕಣ್ಣಿಗೆ ಕಾಣುತ್ತದೆ, ತಪ್ಪು ಹೆಸರು ಉಳಿದರೆ ಕಾಣುವುದಿಲ್ಲ. ಎರಡನೆಯದು, ಪ್ರಿಂಟ್ ತೆಗೆದ ಮೇಲೆ ಗಟ್ಟಿಯಾಗಿ ಓದಿಸುತ್ತೇನೆ. ನಾನಲ್ಲ, ಆ ಕಡತ ಗೊತ್ತಿಲ್ಲದ ಇನ್ನೊಬ್ಬರು ಓದಬೇಕು. ಅವರು ಎಲ್ಲಿ ಉಸಿರು ತೆಗೆದುಕೊಳ್ಳಲು ಒದ್ದಾಡುತ್ತಾರೋ ಅಲ್ಲಿ ವಾಕ್ಯ ಎರಡಾಗಬೇಕು.

ಸ್ಪೆಲ್ಲಿಂಗ್ ತಪ್ಪು ಹುಡುಕುವುದು ಇದೆಲ್ಲ ಆದ ಮೇಲೆ. ಹೆಸರಿನಲ್ಲಿ ಮಾತ್ರ ತಪ್ಪು ಇರಲೇಬಾರದು, ಅರ್ಜಿಯಲ್ಲಿ ಅವರು ಬರೆದಿರುವ ಹಾಗೇ ಇರಲಿ.

ಹಂತ 8: ತಲುಪಿಸುವುದು

ಜಾವಕ ಸಂಖ್ಯೆ ಬಿದ್ದರೆ ಕೆಲಸ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಕೈಯಲ್ಲಿ ಕೊಟ್ಟರೆ ಕಚೇರಿ ಪ್ರತಿಯ ಮೇಲೆ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅಂಚೆಯಲ್ಲಿ ಕಳಿಸಿದರೆ ರಸೀದಿಯನ್ನು ಅದೇ ಕಡತದಲ್ಲಿ ಅಂಟಿಸಿ. ಮೇಲ್ಮನವಿಯಲ್ಲಿ "ನನಗೆ ಉತ್ತರವೇ ಬಂದಿಲ್ಲ" ಅಂದಾಗ ನಿಮ್ಮನ್ನು ಉಳಿಸುವುದು ಆ ಚೂರು ಕಾಗದ.

ಓದಲು ಬಾರದವರಿಗೆ ಓದಿ ಹೇಳಿ. ಹೆಬ್ಬೆಟ್ಟು ಹಾಕಿಸಿಕೊಂಡರೆ "ಓದಿ ಹೇಳಲಾಗಿದೆ" ಎಂದು ಬರೆದು, ಓದಿದವರ ಸಹಿಯೂ ಇರಲಿ. ಹಾಗೆ ಬರೆದ ಮೇಲೆ ನಿಜವಾಗಿ ಓದಿ ಹೇಳಿರಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ ತಾನೆ?

ಹಂತ 9: ಕೌಂಟರಿನಲ್ಲಿ "ಆಗಲ್ಲ" ಅನ್ನುವುದು

ಕಾಗದ ಎಷ್ಟೇ ಚೆನ್ನಾಗಿದ್ದರೂ ಕೆಲವರು ಅದನ್ನು ಹಿಡಿದು ಬಂದೇ ಬರುತ್ತಾರೆ. ಮೊದಲು ಕೂರಿಸಿ. ನಿಂತವರ ದನಿ ಬೇಗ ಏರುತ್ತದೆ. ಆಮೇಲೆ ಅವರ ಅರ್ಜಿಯ ಸಾಲನ್ನು ನೀವೇ ಹೇಳಿ: "ಖಾತೆ ನಿಮ್ಮ ಹೆಸರಿಗೆ ಆಗ್ಬೇಕು ಅಂತ ಕೇಳಿದ್ರಿ, ಅಲ್ವಾ ಅಮ್ಮಾ?" ನಮ್ಮ ಅರ್ಜಿ ಇವರು ಓದಿದ್ದಾರೆ ಅಂತ ಗೊತ್ತಾದ ಕೂಡಲೇ ಅರ್ಧ ಸಿಟ್ಟು ಇಳಿಯುತ್ತದೆ. ಆಮೇಲೆ ಏನು ಇಲ್ಲ, ಎಲ್ಲಿ ಸಿಗುತ್ತದೆ ಹೇಳಿ. ಕಾಯ್ದೆಯ ಸಂಖ್ಯೆ ಬಾಯಲ್ಲಿ ಹೇಳಬೇಡಿ, ಅದು ಕಾಗದದಲ್ಲಿದ್ದರೆ ಸಾಕು.

"ಸಾಹೇಬ್ರು ಬೇಡ ಅಂದ್ರು" ಅಂತ ತಪ್ಪಿಸಿಕೊಳ್ಳುವುದು ಸುಲಭ. ಆದರೆ ಅವರು ನೇರ ಸಾಹೇಬರ ಕೋಣೆಗೆ ಹೋಗುತ್ತಾರೆ, ಸಾಹೇಬರು ನಿಮ್ಮನ್ನು ಕರೆಸುತ್ತಾರೆ. "ನೋಡೋಣ ಬಿಡಿ, ಮಾಡೋಣ" ಅನ್ನುವುದು ಅದಕ್ಕಿಂತ ಕೆಟ್ಟದ್ದು. ನಿಮ್ಮ ಬಾಯಲ್ಲಿ ಅದು ಮರ್ಯಾದೆಯ ಮಾತು, ಕೇಳಿದವರಿಗೆ ಅದು ಭರವಸೆ.

ಮೆಂಬರ್ ಒಬ್ಬರು ಜೊತೆಯಲ್ಲಿ ಬಂದಿದ್ದರೆ ಮಾತು ಅರ್ಜಿದಾರರ ಜೊತೆಗೇ ಇರಲಿ. ಸದಸ್ಯರಿಗೆ ಗೌರವ ಕೊಡಿ, ಆದರೆ ಮುಖ ಅರ್ಜಿದಾರರ ಕಡೆಗಿರಲಿ. ಇದು ಹೇಳಿದಷ್ಟು ಸುಲಭವಲ್ಲ, ಒಪ್ಪುತ್ತೇನೆ.

ವಾಟ್ಸಾಪ್ ಗುಂಪಿಗೆ ಬಂದ ದೂರನ್ನು ದೂರು ವಹಿಗೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಸಂಜೆಯೊಳಗೆ ಶುಭೋದಯದ ಚಿತ್ರಗಳ ಕೆಳಗೆ ಹೂತು ಹೋಗುತ್ತದೆ. ಗುಂಪಿನಲ್ಲಿ ಯಾರ ಆಧಾರ್ ಪ್ರತಿಯನ್ನೂ ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ. ಗ್ರಾಮ ಸಭೆಯಲ್ಲಿ ಬಾಯಿಮಾತಲ್ಲಿ ಬಂದ ಅಹವಾಲಿಗೂ ಇದೇ ನಿಯಮ: ನಡವಳಿಯಲ್ಲಿ ಹೇಳಿದವರ ಹೆಸರಿನ ಜೊತೆ ಬರಲಿ.

ಎಡವುತ್ತಿದ್ದೀರಿ ಅನ್ನುವುದಕ್ಕೆ ಗುರುತುಗಳು

ಒಂದೇ ವಿಷಯಕ್ಕೆ ಒಬ್ಬರೇ ಮೂರನೇ ಅರ್ಜಿ ಹಾಕಿದ್ದಾರೆ ಅಂದರೆ ಮೊದಲ ಎರಡು ಉತ್ತರ ಅವರಿಗೆ ಅರ್ಥವಾಗಿಲ್ಲ. ಅವರನ್ನು "ಅಭ್ಯಾಸಬಲದ ಅರ್ಜಿದಾರ" ಅನ್ನುವ ಮೊದಲು ನಿಮ್ಮ ಹಳೆಯ ಎರಡು ಹಿಂಬರಹ ತೆಗೆದು ಓದಿ.

"ನನ್ನ ಅರ್ಜಿ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ" ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವವರು ಜಾಸ್ತಿ ಆಗುತ್ತಿದ್ದರೆ, ಎಂಟನೇ ಹಂತ ಎಲ್ಲೋ ಸೋರುತ್ತಿದೆ. ಹಿಂಬರಹ ಹೋದ ಮರುದಿನವೇ ಜನ ಅದನ್ನು ಹಿಡಿದು ಅರ್ಥ ಕೇಳಲು ಬರುತ್ತಿದ್ದರೆ ಆರನೇ ಹಂತ. ಕಡತ ಒಂದೇ ಷರಾದ ಜೊತೆ ಎರಡು ಸಲ ಕೆಳಗಿಳಿದರೆ ಟಿಪ್ಪಣಿ.

ಕೈ ಪಳಗಿಸಿಕೊಳ್ಳುವುದು

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿ, ಜಿಲ್ಲಾ ತರಬೇತಿ ಸಂಸ್ಥೆಯ ಶಿಬಿರ, ಐಗಾಟ್ ಕರ್ಮಯೋಗಿಯ ಆನ್‌ಲೈನ್ ಪಾಠ, ಸಿಕ್ಕಿದ್ದನ್ನು ಬಿಡಬೇಡಿ. ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡಿ. ನಿಮಗೆ ಬಗೆಹರಿಯದ ಒಂದು ಕಡತದ ಪ್ರತಿ ತೆಗೆದುಕೊಂಡು, ಅದರಲ್ಲಿ ಜನರ ಹೆಸರು ಮರೆಮಾಡಿ, ಊಟದ ಹೊತ್ತಿನಲ್ಲಿ ಅನುಭವಿಗಳ ಮುಂದೆ ಇಡಿ. ಪಾಠಕ್ಕಿಂತ ಅಲ್ಲಿ ಕಲಿಯುವುದು ಜಾಸ್ತಿ.

ಇನ್ನು ಖರ್ಚಿಲ್ಲದ ಒಂದು ಕೆಲಸ. ನೀವು ಬರೆದ ಯಾವ ಹಿಂಬರಹದ ಮೇಲೆ ಮೇಲ್ಮನವಿ ಹೋಯಿತು, ಅಲ್ಲಿ ಏನಾಯಿತು ಅನ್ನುವುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮೇಲ್ಮನವಿ ಆದೇಶದ ಪ್ರತಿ ಕಚೇರಿಗೆ ಬಂದರೆ ಪಿಡಿಓ ಮೇಜಿನಲ್ಲೇ ಉಳಿಯುತ್ತದೆ, ಹಿಂಬರಹ ಟೈಪ್ ಮಾಡಿದ ನಿಮ್ಮವರೆಗೆ ಬರುವುದಿಲ್ಲ. ಕೇಳಿ ಇಸ್ಕೊಳ್ಳಿ. ಎಡಗಡೆ ಪುಟದಲ್ಲಿ ನೀವು ಬರೆದ ವಾಕ್ಯ, ಬಲಗಡೆ ಅದು ಯಾಕೆ ನಿಲ್ಲಲಿಲ್ಲ ಎಂದು ಮೇಲಿನವರು ಕೊಟ್ಟ ಕಾರಣ. ಮುಂದಿನ ಹಿಂಬರಹಕ್ಕೆ ಕೂರುವ ಮುನ್ನ ಒಮ್ಮೆ ತಿರುವಿ ಹಾಕಿ.